ಮೊದಲು ಬೆರಳು, ಮತ್ತೆ ಕೆಲಸ

ಕೊಲ್ಲಿ ನಾಡಿನ ಮೀನಾ ಸಲ್ಮಾನ್ ಬಂದರಿನಲ್ಲಿದ್ದ ಒಬ್ಬರು ಮೆಕ್ಯಾನಿಕ್, ಮಣ್ಣು ಉಳುವ ಟಿಲ್ಲರಿನ ಹಲ್ಲು ಬದಲಿಸುವಾಗ ಯಂತ್ರ ತಟ್ಟನೆ ತಿರುಗದಿರಲೆಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗಿಯ ಜೇಬಿಗೆ ಇಳಿಸುತ್ತಿದ್ದರು. “ಮೊದಲು ಬೆರಳು, ಮತ್ತೆ ಕೆಲಸ ಮಾರಾಯ್ರೆ,” ಎನ್ನುವುದು ಅವರ ಮಾತು.

ಒಮ್ಮೆ ಅಲ್ಲೇ ಹತ್ತಿರದ ರಿಫಾ ಪಟ್ಟಣದ ನಮ್ಮ ಮನೆಯ ಹಿತ್ತಲಿನಲ್ಲಿ ಹರಿವೆ ಬಿತ್ತಲು ಮಣ್ಣು ಸಡಿಲಿಸಬೇಕಿತ್ತು. ಅವರು ಬಂದು ಟಿಲ್ಲರಿಗೆ ಹೊಸ ಹಲ್ಲು ಕೂರಿಸಿ, “ಒಂದೇ ಎಳೆತಕ್ಕೆ ಸ್ಟಾರ್ಟ್ ಆಗದಿದ್ರೆ ನಾನಿನ್ನು ಸ್ಪ್ಯಾನರ್ ಮುಟ್ಟೂದಿಲ್ಲ,” ಎಂದು ಹಗ್ಗ ಎಳೆದರು. ಸದ್ದೇ ಇಲ್ಲ. ಮತ್ತೆ ಎಳೆದರು, ಪೆಟ್ರೋಲನ್ನು ಬೈದರು, ಕಾರ್ಬ್ಯುರೇಟರನ್ನೂ ಬೈದರು. ನಮ್ಮ ವಂಶದ ಮೊದಲ ಪದವೀಧರನಾದ ನಾನು ಮ್ಯಾನ್ಯುಯಲ್ ತೆರೆದೆ.

“ಅದ್ರಲ್ಲಿ ಎಂತ ಉಂಟು, ಡಿಗ್ರಿಯವ್ರೇ?”

“ಜೇಬು ನೋಡ್ಲಿಕ್ಕೆ ಉಂಟು.”

ಜೇಬು ತಡವಿದರು. ಒಂಚೂರೂ ನಾಚದೆ ಪ್ಲಗ್ಗನ್ನೂ ಸ್ಪ್ಯಾನರನ್ನೂ ನನ್ನ ಕೈಗಿಟ್ಟರು.

“ಮಾತಂದ್ರೆ ಮಾತು. ನೀವೇ ಬಿಗಿ ಮಾಡಿ, ನಾನು ಹೇಳಿಕೊಡ್ತೇನೆ.”