ರೊಟ್ಟಿ ಶಿವಬಸಮ್ಮನ ಹತ್ತು ದಿನ

ಮಾನ್ವಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಗೆ ಹೋಗಿ ಚನ್ನವೀರನ ಹೆಂಡತಿಯ ಮನೆ ಯಾವುದು ಅಂತ ಕೇಳಿದರೆ ಯಾರೂ ಹೇಳಲಾರರು. ರೊಟ್ಟಿ ಶಿವಬಸಮ್ಮ ಅನ್ನಿ, ಆಗ ತೊದಲು ಮಾತಿನ ಕೂಸೂ ಕೈಮಾಡಿ ತೋರಿಸುತ್ತದೆ. ಎರಡು ಖಾನಾವಳಿಗಳಿಗೆ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಕಳಿಸುವ ಹೆಂಗಸು. ಹದಿನೆಂಟು ವರ್ಷ ಇದೇ ಕೆಲಸ. ಅವಳ ರೊಟ್ಟಿಯ ಸಪ್ಪಳಕ್ಕೆ ಓಣಿಯ ಹೆಂಗಸರು ಬೆಳಗ್ಗೆ ಏಳುತ್ತಿದ್ದರು, ಏಳಿಸಿದ್ದಕ್ಕೆ ಬೈಯುತ್ತಲೂ ಇದ್ದರು. ನಾಲಿಗೆ ಸ್ವಲ್ಪ ಉದ್ದ, ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ, ಇನ್ನೊಬ್ಬರ ಸೀರೆ ಬಂಗಾರ ನೋಡಿ ಕರುಬಿದವಳೂ ಅಲ್ಲ. ಇಂಥವಳಿಗೆ ನಲವತ್ತೈದನೆಯ ವಯಸ್ಸಿನಲ್ಲಿ, ಅದೂ ತಂಗಿಯ ಮೇಲೆ, ಹೊಟ್ಟೆಕಿಚ್ಚು ಹತ್ತಿಕೊಂಡಿತು ಅಂದರೆ ನಂಬುತ್ತೀರಾ? ಹತ್ತಿಕೊಂಡಿತು.

ಒಂದು ಸೋಮವಾರ ಜಳಕ ಮಾಡುವಾಗ ಬಲ ಎದೆಯಲ್ಲಿ, ಕಂಕುಳ ಸಮೀಪ, ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ಒತ್ತಿ ನೋಡಿದಳು, ನೋವಿಲ್ಲ. ನೋವಿಲ್ಲ ಅಂತಲೇ ಅವಳಿಗೆ ಹೆದರಿಕೆಯಾಯಿತು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಗಂಡನಿಗೆ ಹೇಳಿದಳು. ಚನ್ನವೀರ ರೈಸ್‌ಮಿಲ್ಲಿನಲ್ಲಿ ಭತ್ತದ ಚೀಲ ತೂಗುವವನು, ಮಾತು ಕಡಿಮೆ. ಅಂಗಿ ತೊಟ್ಟುಕೊಂಡ, ಅವಳನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಸೂಜಿ ಹಾಕಿ ಗಂಟಿನ ಚೂರು ತೆಗೆದರು.

"ರಿಪೋರ್ಟ್ ಬರಾಕ ಹತ್ತು ದಿನ ಆಗ್ತದ. ಅಲ್ಲಿತನಕ ಬಲಗೈಗೆ ಜೋರು ಬ್ಯಾಡ್ರಿ," ಅಂದರು ಡಾಕ್ಟರಮ್ಮ.

"ರೊಟ್ಟಿ ಬಡಿಬೌದಿಲ್ರಿ?"

"ಎಷ್ಟು ಬಡೀತೀರಿ?"

"ನೂರೈವತ್ತರಿ."

ಡಾಕ್ಟರಮ್ಮ ಕನ್ನಡಕ ತೆಗೆದು ಅವಳ ಕೈ ನೋಡಿದರು. "ಒಂದೂ ಬ್ಯಾಡ."

ಆವತ್ತು ಅಂಥದೇ ಸೂಜಿ ಚುಚ್ಚಿಸಿಕೊಂಡ ಇನ್ನೊಬ್ಬಳು ಪೋತ್ನಾಳದ ಉಮ್ಮೇ ಕುಲ್ಸುಮ್. ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಇಬ್ಬರೂ ಚುಚ್ಚಿದ ಕಡೆ ಕೈಯೊತ್ತಿಕೊಂಡು, ಒಬ್ಬರಿಗೊಬ್ಬರು ಧೈರ್ಯ ಹೇಳಿ, ಫೋನ್ ನಂಬರು ಕೊಟ್ಟು ಪಡೆದರು.

ಖಾನಾವಳಿಯವರಿಗೆ ಹತ್ತು ದಿನ ರೊಟ್ಟಿ ನಿಲ್ಲಿಸಿದರೆ ಹನ್ನೊಂದನೆಯ ದಿನ ಬೇರೆಯವಳು ಬಂದಿರುತ್ತಾಳೆ. ಮಗಳು ಶಿವಗಂಗಾ ಯಾಪಲದಿನ್ನಿಯಲ್ಲಿ ಏಳು ತಿಂಗಳ ಬಸುರಿ, ಅವಳ ಕಿವಿಗೆ ಈ ಸುದ್ದಿ ಬೀಳಕೂಡದು. ಹಾಗಾಗಿ ದೇವದುರ್ಗದಿಂದ ತಂಗಿ ಅನುರಾಧಾಳನ್ನು ಕರೆಸಿದರು. ಅನುರಾಧಾಗೆ ಮೂವತ್ತಾರು. ಗಂಡ ಸತ್ತು ಮೂರು ವರ್ಷ, ಮಕ್ಕಳಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೇಸಿಗೆ ರಜೆ ಇತ್ತು, ಫೋನು ಇಟ್ಟ ಮೂರು ತಾಸಿಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. "ನೀ ಸುಮ್ನ ಕುಂದ್ರಕ್ಕ, ನಾ ಅದೀನಿ," ಅಂದಳು.

ಸುಮ್ಮನೆ ಕೂಡುವುದೇ ತಪ್ಪಾಯಿತು ನೋಡಿ. ಕೈಗೆ ಕೆಲಸ ತಪ್ಪಿದರೆ ಕಣ್ಣಿಗೆ ಕೆಲಸ ಹೆಚ್ಚುತ್ತದೆ. ಗೋಡೆಗೆ ಒರಗಿ ಕೂತ ಶಿವಬಸಮ್ಮ ಮೊದಲು ಓಣಿಯ ನಳದ ಹೆಂಗಸರನ್ನು ನೋಡಿದಳು. ತುಂಬಿದ ಕೊಡ ಸೊಂಟಕ್ಕೇರಿಸಿಕೊಂಡು ನಗುತ್ತ ಹೋಗುತ್ತಾರೆ, ಇವರಲ್ಲಿ ಯಾರಿಗೂ ಇಲ್ಲದ್ದು ನನಗೇ ಯಾಕೆ ಬರಬೇಕು? ಕೂಸಿಗೆ ಹಾಲು ಕುಡಿಸುವವಳನ್ನು ನೋಡಿದಳು, ಉರಿಯಿತು. ಎಪ್ಪತ್ತು ದಾಟಿದ ಮುದುಕಿ ಕೋಲೂರಿಕೊಂಡು ಹೋದಳು, ಅದಕ್ಕೂ ಉರಿಯಿತು. ಆಮೇಲೆ ಆ ಕಣ್ಣು ಒಳಗೆ ತಿರುಗಿ ಒಲೆಯ ಮುಂದಿನ ತಂಗಿಯ ಮೇಲೆ ನಿಂತಿತು.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಅನುರಾಧಾ ಅವಳ ಒಡಹುಟ್ಟಿದ ತಂಗಿಯಲ್ಲ. ಶಿವಬಸಮ್ಮ ಆರು ವರ್ಷದವಳಿದ್ದಾಗ ಅವ್ವ ಸತ್ತಳು. ಅಕ್ಕ ಸತ್ತ ಮನೆಗೆ ತಂಗಿಯನ್ನೇ ಕೊಡುವುದು ಈ ಕಡೆ ಹೊಸದಲ್ಲ. ಮಕ್ಕಳು ಪರಕೀಯರ ಕೈಗೆ ಬೀಳಬಾರದು ಅಂತ ಹಿರಿಯರ ಲೆಕ್ಕ. ಮೂರು ತಿಂಗಳೊಳಗೆ ಅವ್ವನ ತಂಗಿ, ಅಂದರೆ ಚಿಕ್ಕವ್ವ, ಹಸಿರು ಸೀರೆ ಉಟ್ಟು ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಇಟ್ಟುಕೊಂಡು ಅದೇ ಒಲೆಯ ಮುಂದೆ ಕೂತಳು. ಚಿಕ್ಕವ್ವ ಕೆಟ್ಟವಳಲ್ಲ. ಒಂದು ಏಟು ಹೊಡೆದವಳಲ್ಲ. ಆದರೆ ವರ್ಷ ತುಂಬುವುದರೊಳಗೆ ಆ ಮನೆಯಲ್ಲಿ ಸತ್ತವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆ ಚಿಕ್ಕವ್ವನ ಮಗಳೇ ಅನುರಾಧಾ. ಗಂಡ ಸತ್ತವಳನ್ನು ಉಡಿಕೆ ಅಂತ ಮಾಡಿ ಮತ್ತೆ ಮನೆ ತುಂಬಿಸಿಕೊಳ್ಳುವ ಪದ್ಧತಿಯೂ ಅವರಲ್ಲಿ ಇತ್ತು. ಇಷ್ಟು ಗೊತ್ತಿದ್ದರೆ ಸಾಕು, ಶಿವಬಸಮ್ಮನ ತಲೆಯಲ್ಲಿ ಏನು ಕುದಿಯುತ್ತಿತ್ತು ಅಂತ ನಿಮಗೇ ತಿಳಿಯುತ್ತದೆ.

ಕುದಿಯಲಿಕ್ಕೆ ಕಾರಣಗಳೂ ಸಿಗುತ್ತಲೇ ಹೋದವು. ಐದನೆಯ ದಿನ ಖಾನಾವಳಿಯ ಅಲ್ಲಾಬಕ್ಷ್ ರೊಟ್ಟಿ ಒಯ್ಯಲು ಬಂದವನು, "ಏನ್ ತೆಳ್ಳಗ ಅದಾವ್ರಿ ಅಕ್ಕಾರ! ಗಿರಾಕಿ ಎರಡೆರಡು ಜಾಸ್ತಿ ಕೇಳಾಕತ್ತಾರ," ಅಂದ. ಹದಿನೆಂಟು ವರ್ಷ ತಿಂದ ಬಾಯಿ ಅದು! ಅದೇ ಮಧ್ಯಾಹ್ನ ಚನ್ನವೀರ, ಜನ್ಮದಲ್ಲಿ ಊಟದ ಬಗ್ಗೆ ಮಾತಾಡದ ಮನುಷ್ಯ, ಮೂರನೆಯ ರೊಟ್ಟಿ ಮುರಿಯುತ್ತ, "ಹಗೂರ ಅದಾವ," ಅಂದ. ಅನುರಾಧಾ ನಕ್ಕು ನಾಲ್ಕನೆಯದನ್ನೂ ಹಾಕಿದಳು. ಬೆವರಿದ ಹಣೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಡಿಯುವಾಗ ಕುಣಿಯುವ ತುಂಬಿದ ತೋಳು. ಆ ಮೈಯಲ್ಲಿ ಒಂದು ಗಂಟಿಲ್ಲ, ಒಂದು ಸೂಜಿಯ ಗುರುತಿಲ್ಲ. ಶಿವಬಸಮ್ಮ ತನ್ನ ಮುಂದಿನ ತಟ್ಟೆಯನ್ನು ಸರಿಸಿದಳು. "ನನಗ ಹಸಿವಿಲ್ಲ."

ಆರನೆಯ ದಿನ ಉಮ್ಮೇ ಕುಲ್ಸುಮ್‌ಳ ಫೋನು ಬಂತು.

"ಶಿವಬಸಮ್ಮಕ್ಕಾ, ನಂದು ಬಂತ್ರೀ! ಏನೂ ಇಲ್ಲ ಅಂದ್ರು. ಅಲ್ಲಾ ಬಚಾಯಾ! ನಿಮ್ದು?"

"ನಂದಿನ್ನಾ ಬಂದಿಲ್ಲವಾ. ಬಾಳ ಚಲೋ ಆತು."

ಚಲೋ ಆತು ಅಂತ ಬಾಯಿ ಅಂದಿತು, ಅಷ್ಟೇ. ಫೋನು ಇಟ್ಟ ಮೇಲೆ ಅವಳು ಒಂದು ವಿಚಿತ್ರ ಲೆಕ್ಕ ಹಾಕಿದಳು: ಬೆಂಚಿನ ಮೇಲೆ ಕೂತಿದ್ದವರು ಇಬ್ಬರು, ಒಳ್ಳೆಯದು ಅವಳ ಪಾಲಿಗೆ ಹೋಯಿತು, ಇನ್ನು ಉಳಿದದ್ದು ನನ್ನದು. ಇಬ್ಬರಿಗೂ ಒಳ್ಳೆಯದನ್ನೇ ಹಂಚುವಷ್ಟು ಧಾರಾಳಿ ದೇವರನ್ನು ಅವಳು ನೋಡಿರಲಿಲ್ಲ. ಪೋತ್ನಾಳದ ಆ ಬಡಪಾಯಿ ಹೆಂಗಸಿಗೆ ಅಂದು ಎಷ್ಟು ಶಾಪ ತಟ್ಟಬೇಕಿತ್ತೋ! ತಟ್ಟಲಿಲ್ಲ, ಪುಣ್ಯ.

ಎಂಟನೆಯ ದಿನ ಅನುರಾಧಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಶಿವಬಸಮ್ಮ ಬಾಚಣಿಗೆ ಹುಡುಕುತ್ತ ಅವಳ ಚೀಲಕ್ಕೆ ಕೈ ಹಾಕಿದಳು. ಬಾಚಣಿಗೆಗೇ ಕೈ ಹಾಕಿದ್ದು ಅಂತ ಅವಳು ಇವತ್ತಿಗೂ ಹೇಳುತ್ತಾಳೆ, ನಾವೂ ನಂಬೋಣ. ಕೈಗೆ ಸಿಕ್ಕಿದ್ದು ಹೊಸ ಸೀರೆ. ಇಳಕಲ್ಲಿನದು, ಗಿಣಿಹಸಿರು, ಕೆಂಪು ಸೆರಗು. ಅದರ ಮಡಿಕೆಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ.

ಗಂಡ ಸತ್ತು ಮೂರು ವರ್ಷವಾದವಳ ಚೀಲದಲ್ಲಿ ಹಸಿರು ಸೀರೆ, ಹಸಿರು ಬಳೆ. ಮುತ್ತೈದೆಗೆ, ಇಲ್ಲವೇ ಮದುಮಗಳಿಗೆ ಬಿಟ್ಟರೆ ಇನ್ಯಾರಿಗೆ ಬೇಕು ಅವು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ಇವಳಿಗೆ ಎಲ್ಲವೂ ಹಸಿರಾಗಿ ಕಂಡಿತು. ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಬಂದ ಅನುರಾಧಾಗೆ ಅದನ್ನು ಇಳಿಸುವುದಕ್ಕೂ ಬಿಡಲಿಲ್ಲ.

"ಯಾರಿಗೆ ತಂದೀಯೇ ಇವನ್ನ?"

ಅನುರಾಧಾಳ ಮುಖ ಬಿಳಿಚಿತು. "ಅಕ್ಕಾ, ಅದನ್ನ ಈಗ ಹೇಳಾಕ ಬರಂಗಿಲ್ಲ. ಎರಡ ದಿನ ತಡಿ."

"ಎರಡ ದಿನ! ಎರಡ ದಿನಕ್ಕ ನನ್ನ ರಿಪೋರ್ಟ್ ಬರ್ತದ, ಹೌದಿಲ್ಲೋ? ಆಮ್ಯಾಲ ಉಡೂದು ಅಂತ ಇಟ್ಟಿ? ನನ್ನ ಹೆಣ ಎತ್ತೋತನಕರ ತಡಿಬಾರದೇನ? ನಿಮ್ಮವ್ವ ನಮ್ಮವ್ವನ ಒಲಿ ಮುಂದ ಬಂದು ಕುಂತ್ಲು, ನೀ ನನ್ನ ಒಲಿ ಮುಂದ ಬಂದು ಕುಂತಿ. ರಕ್ತದಾಗ ಬಂದದ್ದು ಎಲ್ಲಿ ಹೋಗ್ತದ? ಸ್ವಂತ ಗಂಡನ್ನ ತಿಂದು ನನ್ನ ಕುಂಕುಮದ ಮ್ಯಾಲ ಕಣ್ಣಿಟ್ಟೀ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅನುರಾಧಾ ಅಳಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಇಳಿಸಿದಳು. ನಾದಿಟ್ಟಿದ್ದ ಹಿಟ್ಟು ಹಾಳಾಗಬಾರದು ಅಂತ ಉಳಿದ ಮೂವತ್ತು ರೊಟ್ಟಿಯನ್ನು ಬಡಿದು ಬೇಯಿಸಿ ಬುಟ್ಟಿಗೆ ಹಾಕಿ ಮುಚ್ಚಿದಳು. ಆಮೇಲೆ ಚೀಲ ಎತ್ತಿಕೊಂಡು ಹೊರಟುಹೋದಳು.

ಸಂಜೆ ಚನ್ನವೀರ ಬಂದವನೇ, "ಅನುರಾಧಾ ಎಲ್ಲಿ?" ಅಂದ.

"ಬಂದ ಕೂಡಲೇ ಅಕಿನ್ನ ಕೇಳ್ತೀರಲ್ಲ! ನಾ ಕಣ್ಣಿಗೆ ಕಾಣವಲ್ಲೆನೇನು?"

ಆ ಮನುಷ್ಯನಿಗೆ ತಲೆಬುಡ ತಿಳಿಯಲಿಲ್ಲ. ಮುಖ ತೊಳೆದು, ಬುಟ್ಟಿಯಿಂದ ತಾನೇ ರೊಟ್ಟಿ ತೆಗೆದುಕೊಂಡು ಉಂಡ. ಮರುದಿನ ಶಿವಬಸಮ್ಮ ಡಾಕ್ಟರಮ್ಮನ ಮಾತು ಗಾಳಿಗೆ ತೂರಿ ತಾನೇ ಒಲೆಯ ಮುಂದೆ ಕೂತಳು. ನಲವತ್ತು ಬಡಿಯುವಷ್ಟರಲ್ಲಿ ಕಂಕುಳು ಹಿಡಿದುಕೊಂಡಿತು. ಅಲ್ಲಾಬಕ್ಷ್ ಬಂದು ಬುಟ್ಟಿ ನೋಡಿ ಏನೂ ಅನ್ನದೆ ಹೋದ. ಅನ್ನದಿದ್ದದ್ದಕ್ಕೂ ಅವಳಿಗೆ ತಂಗಿಯ ಮೇಲೆಯೇ ಸಿಟ್ಟು ಬಂತು.

ಹತ್ತನೆಯ ದಿನ ಗಂಡ ಹೆಂಡತಿ ರಾಯಚೂರಿಗೆ ಹೋದರು. ಡಾಕ್ಟರಮ್ಮ ಕಾಗದ ಓದಿ, ಮತ್ತೊಮ್ಮೆ ಓದಿ, "ಇದು ಕ್ಯಾನ್ಸರ್ ಅಲ್ರಿ. ಅಪಾಯ ಇಲ್ಲದ ಗಂಟು. ಆರು ತಿಂಗಳಿಗೆ ಒಮ್ಮೆ ಬಂದು ತೋರಿಸಿ ಹೋಗ್ರಿ, ಮರೀಬ್ಯಾಡ್ರಿ," ಅಂದರು. ಚನ್ನವೀರ ಅಲ್ಲೇ ಕೈ ಮುಗಿದ. ಹೊರಗೆ ಮೆಟ್ಟಿಲ ಮೇಲೆ ನಿಂತು ಅವನು ಮೊದಲು ಫೋನು ಹಚ್ಚಿದ್ದು ದೇವದುರ್ಗಕ್ಕೆ. ಆ ಕಡೆ ಅನುರಾಧಾ ಬಿಕ್ಕಿಬಿಕ್ಕಿ ಅತ್ತದ್ದು ಪಕ್ಕದಲ್ಲಿ ನಿಂತ ಶಿವಬಸಮ್ಮನಿಗೂ ಕೇಳಿಸಿತು. "ಅಕ್ಕಗ ಕೊಡ್ಲೇನು?" ಅಂದ ಅವನು. "ಬ್ಯಾಡ ಮಾವ," ಅಂದದ್ದೂ ಕೇಳಿಸಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೊದಲು ಖುಷಿಪಟ್ಟಳು, ಯಾಕೆ ಪಡಬಾರದು? ಬದುಕಿಕೊಂಡಿದ್ದಳು. ಕಲ್ಲೂರು ದಾಟುವ ಹೊತ್ತಿಗೆ ಖುಷಿ ತಳ ಕಂಡಿತು. ರೋಗ ಇದ್ದಿದ್ದರೆ, ಪಾಪ ಸಾಯುವವಳು, ಸಂಕಟಕ್ಕೆ ಅಂದಳು ಅಂತ ಎಲ್ಲರೂ ಬಿಡುತ್ತಿದ್ದರು. ಈಗ ಅವಳು ಗಟ್ಟಿಮುಟ್ಟಾದ ಹೆಂಗಸು, ಅಂದದ್ದು ಅಂದದ್ದೇ.

ಮನೆಗೆ ಬಂದರೆ ಪಕ್ಕದ ಮನೆಯ ದುರ್ಗಾದೇವಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣಕೊಂಬು. ಅವುಗಳ ಮೇಲೆ ಅದೇ ಗಿಣಿಹಸಿರು ಸೀರೆ, ಅದೇ ಬಳೆ.

"ಚಲೋ ಸುದ್ದಿ ಅಂತಲ್ಲ, ಅನುರಾಧಾ ಫೋನ್ ಮಾಡಿದ್ಲು! ಬಾ, ಕುಂದ್ರು, ಉಡಿ ತುಂಬ್ತೀನಿ. ನಿನ್ನ ತಂಗಿ ದ್ಯಾಮವ್ವಗ ಹರಕಿ ಹೊತ್ತಾಳ, ಅಕ್ಕಂದು ಏನೂ ಇಲ್ಲ ಅಂತ ಬಂದ್ರ ಹಸರ ಸೀರಿ, ಹಸರ ಬಳಿ ಇಟ್ಟು ಉಡಿ ತುಂಬಸ್ತೀನಿ ಅಂತ. ಹರಕಿ ತೀರೂ ಮೊದಲ ಬಾಯಿ ಬಿಡಬಾರದಲ್ಲ, ಯಾರಿಗೂ ಹೇಳಿಲ್ಲ. ತಾ ಗಂಡ ಸತ್ತಾಕಿ, ತುಂಬಾಕ ಬರಂಗಿಲ್ಲ. ಮೊನ್ನಿ ಬಸ್ಸಿಗೆ ಹೋಗುವಾಗ ನನ್ನ ಕೈಯಾಗ ಕೊಟ್ಟು ಹೋದ್ಲು."

ಶಿವಬಸಮ್ಮ ತನಗೆ ತಾನೇ ಕೆನ್ನೆಗೆ ಹೊಡೆದುಕೊಂಡಳು, ಒಂದಲ್ಲ, ನಾಲ್ಕು. ದುರ್ಗಾದೇವಿ ಬೆಚ್ಚಿ ಕೈ ಹಿಡಿದಳು. "ಇದನ್ನ ನೀ ತುಂಬಬ್ಯಾಡವಾ," ಅನ್ನುತ್ತ ಶಿವಬಸಮ್ಮ ಮೊರದಲ್ಲಿದ್ದದ್ದನ್ನೆಲ್ಲ ಗಂಟು ಕಟ್ಟಿಕೊಂಡು, ಕಾಲು ಕೂಡ ತೊಳೆಯದೆ, ಗಂಡನ ಮುಖ ನೋಡಿದಳು. ಅವನು ಚಪ್ಪಲಿ ಬಿಟ್ಟಿದ್ದವನು ಮತ್ತೆ ಮೆಟ್ಟಿಕೊಂಡ. "ಬ್ಯಾಡ, ನಾ ಒಬ್ಬಾಕೇ ಹೋಗ್ತೀನಿ," ಅಂದಳು.

ದೇವದುರ್ಗದಲ್ಲಿ ಅನುರಾಧಾಳದು ಶಾಲೆಯ ಹಿಂದೆ ಒಂದೇ ಖೋಲಿಯ ಮನೆ. ಬಾಗಿಲು ತೆಗೆದವಳು ಅಕ್ಕನನ್ನು ನೋಡಿ ಪಕ್ಕಕ್ಕೆ ಸರಿದಳು. ಶಿವಬಸಮ್ಮನೇ ಒಳಗೆ ಹೋಗಿ ಚಾಪೆ ಹಾಸಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತಳು. ಗಂಟು ಬಿಚ್ಚಿಟ್ಟಳು. "ತುಂಬು."

"ಗಂಡ ಸತ್ತಾಕಿ ಉಡಿ ತುಂಬಬಾರದಕ್ಕ. ನಿನಗ ಒಳ್ಳೇದಾಗಂಗಿಲ್ಲ."

"ಹರಕಿ ಹೊತ್ತಾಕಿ ನೀನು, ದುರ್ಗಾದೇವಿ ಅಲ್ಲ. ನಾ ಆಡಬಾರದ್ದ ಆಡೀನಿ. ನನ್ನ ಬಾಯಿಗೆ ಹುಳ ಬೀಳ್ಲಿ. ತುಂಬವಾ."

ಅನುರಾಧಾ ಬಾಗಿಲು ಮುಂದಕ್ಕೆ ಮಾಡಿ ಬಂದಳು. ಆಮೇಲೆ ಎದುರಿಗೆ ಕೂತು, ಸೀರೆ ಬಳೆ ಇಟ್ಟು, ಅಕ್ಕ ಉಡಿಯಾಗಿ ಒಡ್ಡಿದ ಸೆರಗಿಗೆ ಒಂದು ಬೊಗಸೆ ಅಕ್ಕಿ ಹಾಕಿದಳು. ಎರಡನೆಯದನ್ನೂ ಹಾಕಿದಳು. ಮೂರನೆಯ ಬೊಗಸೆ ಎತ್ತಿದವಳು ಹಾಗೆಯೇ ಹಿಡಿದುಕೊಂಡು ಕೂತಳು.

"ಅಕ್ಕಾ, ಸೀರಿ ಹರಕಿದು ಖರೇ. ಆದರ ನೀ ಅಂದದ್ದು ಪೂರಾ ಸುಳ್ಳಲ್ಲ."

ಶಿವಬಸಮ್ಮ ತಲೆ ಎತ್ತಿದಳು.

"ಒಂದ ದಿನ ಮಾವ ಮಿಲ್ಲಿಗೆ ಹೋಗುವಾಗ, ಬರ್ತೀನವಾ ಅಂದ್ರು. ಈ ಖೋಲಿಯೊಳಗ ನನಗ ಬರ್ತೀನಿ ಅಂತ ಹೇಳಿ ಹೋಗೋರು ಯಾರದಾರ? ಆವತ್ತ ನಿನ್ನ ಒಲಿ ಮುಂದ ಕುಂತು, ಈ ಮನಿ ನಂದಾಗಿದ್ರ ಅಂತ ಅನಿಸ್ತು. ಮಾವ ಅಂತಲ್ಲಕ್ಕ, ಮನಿ. ನಿನ್ನ ಕಂಡು ಹೊಟ್ಟಿ ಉರೀತು. ಸಾಯ್ತೀನಿ ಅಂತ ಅಂಜಿ ಕುಂತಾಕಿನ್ನ ಕಂಡು ನನಗ ಹೊಟ್ಟಿ ಉರೀತು! ಎಂಥಾ ಪಾಪಿ ನಾ ಅಂತ ಹೆದರಿ, ಮರುದಿನಾನ ಪ್ಯಾಟಿಗೆ ಓಡಿಹೋಗಿ ಸೀರಿ ತಂದು ಹರಕಿ ಹೊತ್ತೆ."

ಶಿವಬಸಮ್ಮನ ಹೊಟ್ಟೆಯೊಳಗೆ ಕಿಚ್ಚು ಭಗ್ಗನೆ ಎದ್ದಿತು. ಹತ್ತು ದಿನ ಉರಿದದ್ದಕ್ಕಿಂತ ಜೋರು. ನನ್ನ ಮನಿ! ಎದ್ದು ನಿಲ್ಲಬೇಕು ಅನಿಸಿತು. ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದಳು. ಎದ್ದರೆ ಬಿದ್ದ ಅಕ್ಕಿಯೆಲ್ಲ ನೆಲಕ್ಕೆ. ಎದುರಿಗೆ ಕೂತವಳ ಬೆರಳ ಸಂದಿಯಿಂದ ಒಂದೊಂದೇ ಕಾಳು ಚಾಪೆಗೆ ಉದುರುತ್ತಿತ್ತು. ಶಿವಬಸಮ್ಮ ಸೆರಗನ್ನು ಇನ್ನಷ್ಟು ಅಗಲ ಮಾಡಿ ಆ ಬೊಗಸೆಯ ಕೆಳಗೆ ಹಿಡಿದಳು.

"ಎರಡ ಆಗ್ಯಾವ," ಅಂದಳು. "ಐದ ಆಗಬೇಕು. ತುಂಬು."