ಪಾಯಿಂಟಿಗೆ ಸಿಕ್ಕ ಹಂಚಿನ ಹುಡುಗ

ನಮ್ಮ ಹುಬ್ಬಳ್ಳಿಯ ಕ್ರಿಕೆಟ್ ತಂಡಕ್ಕೆ ಪಾಯಿಂಟಿನಲ್ಲಿ ನಿಲ್ಲಲು ಒಬ್ಬ ಚುರುಕು ಹುಡುಗನನ್ನು ಹುಡುಕುವ ಕೆಲಸ ನನ್ನ ತಲೆಗೇ ಬಂತು. ಅಲ್ಲಿಯವರೆಗೆ ಆ ಜಾಗದಲ್ಲಿ ನಿಲ್ಲುತ್ತಿದ್ದವನು ನಾನೇ ಎಂಬುದೇ ಅದಕ್ಕೆ ಕಾರಣ. ಬ್ಯಾಟಿಗೆ ಹತ್ತಿರ, ಚೆಂಡು ಸಿಡಿದು ಬರುವ ಜಾಗ ಅದು. ನನ್ನ ಕೈಯಲ್ಲಿ ಚೆಂಡು ನಿಂತದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ.

"ನಿನಗಿಂತ ಛಲೋ ಹಿಡಿಯಾಂವನ್ನ ಹುಡುಕಿ ತಾ. ತಂದರ ನೀನೂ ತಂಡದಾಗ ಇರು, ಇಲ್ಲಂದ್ರ ಮನ್ಯಾಗ ಇರು," ಎಂದರು ಕಪ್ತಾನರು.

ಮನೆಯಲ್ಲಿರುವುದು ನನ್ನಿಂದ ಸಾಧ್ಯವಿರಲಿಲ್ಲ. ಪ್ರತಿ ಚಳಿಗಾಲ ಧಾರವಾಡದವರ ಜೊತೆ ನಡೆಯುತ್ತಿದ್ದ ನಮ್ಮ ಪಂದ್ಯಕ್ಕೆ ಅಂಪೈರು ನನ್ನ ಮಾವ. ಶಾಲಾ ಮಾಸ್ತರರು, ಮಹಾ ಶಿಸ್ತಿನವರು. ಹೆಣ್ಣು ಕೇಳಲು ಹೋದಾಗ ಹುಡುಗನ ವಿಶೇಷವೇನೆಂದು ಅವರು ಕೇಳಿದ್ದಕ್ಕೆ ನಮ್ಮವರು ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ "ಕ್ರಿಕೆಟ್ ಆಡತಾನ್ರಿ" ಎಂದಿದ್ದರು. ಅದೂ ಕೈಬಿಟ್ಟರೆ ಆ ಮನೆಯಲ್ಲಿ ತಲೆಯೆತ್ತಿ ಹೋಳಿಗೆ ತಿನ್ನುವುದು ಹೇಗೆ? ಅತ್ತೆಯವರ ಹೋಳಿಗೆಯಂತೂ ಬಿಡುವಂಥದ್ದಲ್ಲ.

ಆಗ ನಾನು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಒಂದು ದಿನ ಮಂಗಳೂರು ಹಂಚಿನ ವ್ಯಾಗನ್ ಬಂತು. ವ್ಯಾಗನ್ನಿನಿಂದ ಎತ್ತಿನ ಗಾಡಿಯವರೆಗೆ ಹಮಾಲರು ಸಾಲಾಗಿ ನಿಂತು, ಒಬ್ಬ ಒಗೆದ ಹಂಚನ್ನು ಇನ್ನೊಬ್ಬ ಹಿಡಿದು, ತಿರುಗಿ ಮುಂದಿನವನಿಗೆ ಒಗೆಯುತ್ತಿದ್ದರು. ನಡುವಿದ್ದ ಹಳೇಹುಬ್ಬಳ್ಳಿಯ ತರುಣನೊಬ್ಬ ಎಲೆಯಡಿಕೆ ಜಗಿಯುತ್ತ, ಪಕ್ಕದವರೊಡನೆ ನಗುತ್ತ, ಹಂಚಿನ ಕಡೆ ನೋಡದೆಯೇ ಹಿಡಿಯುತ್ತಿದ್ದ. ಒಂದರ ಮೂಲೆಯೂ ಮುಕ್ಕಾಗಲಿಲ್ಲ. ನನಗೆ ಮೈ ಜುಂ ಎಂದಿತು. ಊಟದ ಹೊತ್ತಿಗೆ ಅವನ ಕೈಗೆ ಚೆಂಡು ಕೊಟ್ಟೆ.

ಅವನು ಅದನ್ನು ಒತ್ತಿ ನೋಡಿ, "ಬಾಬೂರ, ಇದು ಬಿದ್ರ ಒಡೀತೈತೇನ್ರಿ?" ಎಂದು ಕೇಳಿದ.

"ಇಲ್ಲ."

"ಮತ್ತ ಹಿಡೀಬೇಕ್ಯಾಕ್ರಿ?"

"ಆಟ ಅಂದ್ರ ಹಂಗ," ಎಂದೆ. ಪಂದ್ಯದ ದಿನ ಹೊಟ್ಟೆತುಂಬ ಊಟ ಎಂದ ಮೇಲೆ ಒಪ್ಪಿದ.

ಪರೀಕ್ಷೆಗೆ ಕಪ್ತಾನರು ಎಡದಿಂದ, ಎದುರಿನಿಂದ, ಹೇಗೆ ಹೇಗೆ ಒಗೆದರೂ ಅವನು ಹಿಡಿದ. ಹಿಡಿದ ಗಳಿಗೆಯಲ್ಲೇ ಬಲಕ್ಕೆ ನಿಂತಿದ್ದ ನನ್ನತ್ತ ಒಗೆದ. "ಕೈ ಅಂದ್ರ ಕೈ ನೋಡು!" ಎಂದು ಕಪ್ತಾನರು ಕುಣಿದರು. ಅವನು ಬಲಕ್ಕೇ ಯಾಕೆ ಒಗೆಯುತ್ತಾನೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಶೆಡ್ಡಿನಲ್ಲಿ ಎತ್ತಿನ ಗಾಡಿ ನಿಲ್ಲುತ್ತಿದ್ದುದು ಆ ಕಡೆಗೆ.

ಧಾರವಾಡದ ಕೆಂಪು ಮಣ್ಣಿನ ಮೈದಾನದಲ್ಲಿ ಅವರ ಕೊನೆಯ ಜೋಡಿ ಆಡುತ್ತಿತ್ತು. ಚೆಂಡು ಸಿಡಿದು ಬಂತು. ನಮ್ಮ ಹುಡುಗ ಅಡ್ಡ ಹಾರಿ ಹಿಡಿದ. ನಾವು ಹೋ ಎನ್ನುವಷ್ಟರಲ್ಲಿ ಬಲಕ್ಕೆ ಒಗೆದೇಬಿಟ್ಟ. ಅಲ್ಲಿ ಯಾರಿದ್ದಾರೆ? ಚೆಂಡು ಉರುಳುತ್ತ ಬೌಂಡರಿ ದಾಟಿತು.

"ಕೈಯಾಗ ನಿಂತಿಲ್ಲ. ಔಟ್ ಇಲ್ಲ," ಎಂದರು ಮಾವ.

ಹುಡುಗನಿಗೆ ನಮ್ಮ ಮೇಲೆ ಕೆಟ್ಟ ಸಿಟ್ಟು. "ಮುಂದಿನಾಂವ ಎಲ್ಲಿ ಹೋಗ್ಯಾನ್ರಿ? ಹಿಂಗಾದ್ರ ಗಾಡಿ ತುಂಬೂದ್ಯಾವಾಗ?"

"ಕೈಯಾಗ ಇಟ್ಕೋಳೋ ಮಾರಾಯ!" ಎಂದರು ಕಪ್ತಾನರು.

"ಇಟ್ಕೊಂಡ್ರ ಹಿಂದಿನ ಹಂಚು ತಲೀಗೆ ಬಡೀತೈತ್ರಿ."

ಕಪ್ತಾನರು ಹಣೆ ಹಣೆ ಬಡಿದುಕೊಂಡು ನನ್ನನ್ನು ಅವನ ಬಲಕ್ಕೆ ಅಟ್ಟಿದರು. ಇನ್ನೊಂದು ಹೊಡೆತ ಹೋದರೆ ಧಾರವಾಡದವರು ಗೆದ್ದಂತೆ, ನಾನು ಮನೆ ಸೇರಿದಂತೆ.

ಚೆಂಡು ಮತ್ತೆ ಅಲ್ಲಿಗೇ ಬಂತು. ಹುಡುಗ ಹಿಡಿದ, ನನಗೆ ಒಗೆದ. ದೇವರಾಣೆ, ಅದು ನನ್ನ ಎರಡೂ ಅಂಗೈ ನಡುವೆ ಬಂದು ಕೂತಿತು! ಕೈಯಲ್ಲಿ ಚೆಂಡಿದ್ದರೆ ಮುಂದೇನು ಮಾಡಬೇಕೆಂದು ನನಗೆ ಗೊತ್ತಿದ್ದರಲ್ಲವೇ? ಗೂಡ್ಸ್ ಶೆಡ್ಡಿನಲ್ಲಿ ದಿನವೂ ಕಂಡದ್ದನ್ನೇ ಮೈ ಮಾಡಿತು. ತಿರುಗಿ ಮುಂದಿನವರಿಗೆ ಒಗೆದೆ. ಮುಂದೆ ಇದ್ದವರು ಮಾವ.

ಅವರ ತಲೆಯ ಮೇಲಿನ ಟೊಪ್ಪಿಗೆ ಕೆಳಗೆ ಬಿತ್ತು. ಚೆಂಡು ಬೀಳಲಿಲ್ಲ, ಕೋಟಿನ ಮೇಲೆ ಹೊಟ್ಟೆಗೆ ಅವುಚಿಕೊಂಡು ಹಿಡಿದಿದ್ದರು. ನನ್ನ ಹೋಳಿಗೆಯ ಋಣ ಮುಗಿಯಿತು ಎಂದುಕೊಂಡೆ. ಅವರು ಚೆಂಡನ್ನು ನೋಡಿದರು, ಹುಡುಗನನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು.

"ಅಳಿಯಂದಿರ, ಈಗ ನಾ ಇದನ್ನ ಯಾರಿಗೆ ಒಗೀಲಿ?"

"ಗಾಡ್ಯಾಗ ಇಡ್ರಿ ಯಜಮಾನ್ರ, ಮುಗೀತು!" ಎಂದು ಹುಡುಗ ಕೂಗಿದ.

ಮಾವ ಚೆಂಡನ್ನು ಕೋಟಿನ ಜೇಬಿಗೆ ಇಳಿಸಿ, ಬೆರಳೆತ್ತಿದರು.

ಅಂದು ಸಂಜೆ ಅವರ ಮನೆಯಲ್ಲಿ ಎಲೆಯ ಮುಂದೆ ತಲೆ ತಗ್ಗಿಸಿ ಕೂತೆ. ಮಾವ ಒಳಗಿನವರನ್ನು ಕರೆದು, "ಇವರಿಗೆ ಇನ್ನೊಂದು ಹೋಳಿಗಿ ನೀಡು. ಇವತ್ತ ಚೆಂಡು ಕೆಳಗ ಬಿಡಲಿಲ್ಲ," ಎಂದರು. ಚೇಷ್ಟೆಯೋ ಮೆಚ್ಚುಗೆಯೋ ತಿಳಿಯಲು ಮೆಲ್ಲಗೆ ಅವರ ಮುಖ ನೋಡಿದೆ. ಅವರು ನನ್ನತ್ತ ನೋಡುತ್ತಲೇ ಇರಲಿಲ್ಲ. ಇನ್ನೂ ಕೆಂಪಗಿದ್ದ ತಮ್ಮ ಅಂಗೈಯನ್ನು ಮುಚ್ಚಿ, ತೆರೆದು, ಒಬ್ಬರೇ ನಗುತ್ತಿದ್ದರು.