ಹನ್ನೊಂದು ವಾಚುಗಳ ಫೋಟೊ

ಕೊಡಗಿನ ಅಮ್ಮತ್ತಿಯಲ್ಲಿ ವಾಚ್ ರಿಪೇರಿ ಮಾಡುತ್ತಿದ್ದವರು ಅಂಗಡಿ ಮುಚ್ಚುವುದಕ್ಕೆ ಎರಡು ವಾರ ಮೊದಲು ನನಗೆ ಫೋನ್ ಮಾಡಿದರು. "ಅಮ್ಮ, ನೀವು ಹೂವಿನ ಫೋಟೊ ಚೆಂದ ತೆಗೀತೀರಂತೆ. ನನ್ನ ವಾಚಿನದ್ದೂ ತೆಗೆದು ಕೊಡ್ತೀರಾ?"

ರಿಪೇರಿಗೆ ಕೊಟ್ಟವರು ಮರೆತೇಬಿಟ್ಟಿದ್ದ ಹನ್ನೊಂದು ವಾಚುಗಳು ಅವರ ಡ್ರಾಯರಿನಲ್ಲಿದ್ದವು. ಹೆಸರು ಬರೆದಿಟ್ಟ ಚೀಟಿಗಳು ಮಳೆಗಾಲದ ತೇವಕ್ಕೆ ಶಾಯಿ ಹರಡಿ ಹಾಳಾಗಿದ್ದವು. ವಾಟ್ಸಾಪಿನಲ್ಲಿ ಫೋಟೊ ನೋಡಿಯಾದರೂ ಯಜಮಾನರು ಬಂದಾರು ಎಂಬುದು ಅವರ ಆಸೆ. ಇನ್ನೊಬ್ಬರ ವಾಚನ್ನು ತಮ್ಮ ಮನೆಗೆ ಒಯ್ಯಲು ಆ ಮನುಷ್ಯನಿಗೆ ಮನಸ್ಸಿರಲಿಲ್ಲ.

ಹೂವು ಸುಲಭ, ವಾಚು ಕಷ್ಟ. ಮೊದಲ ಫೋಟೊದಲ್ಲಿ ವಾಚಿಗಿಂತ ಅದರ ಗಾಜಿನಲ್ಲಿ ಕಂಡ ನನ್ನ ಕನ್ನಡಕ, ಮುತ್ತಿನ ಓಲೆ, ಎದುರಿನ ಮೆಡಿಕಲ್ ಶಾಪಿನ ಬೋರ್ಡೇ ಸ್ಪಷ್ಟವಾಗಿ ಬಂದಿದ್ದವು. ಕಡೆಗೆ ನನ್ನ ಕಪ್ಪು ಕೊಡೆ ಬಿಚ್ಚಿ, ಅದರಡಿ ಫೋನ್ ಹಿಡಿದಾಗ ಗಾಜಿನ ಹೊಳಪು ಅಡಗಿತು. ಮನೆಗೆ ಬಂದು ಗೀರುಗಳನ್ನೆಲ್ಲ ಫೋನಿನಲ್ಲೇ ಅಳಿಸಿ, ವೆರಿ ಸ್ಮಾರ್ಟ್ ಎಂದು ನನಗೆ ನಾನೇ ಹೇಳಿಕೊಂಡು ಊರಿನ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ವಾರವಾದರೂ ಒಬ್ಬರೂ ಬರಲಿಲ್ಲ.

ಅಂಗಡಿಗೆ ಹೋದರೆ ಅವರು ನಕ್ಕರು. "ಎಲ್ಲದಕ್ಕೂ ಮದುವೆ ಮೇಕಪ್ ಮಾಡಿಬಿಟ್ಟಿದ್ದೀರಿ ಅಮ್ಮ. ತಮ್ಮದು ಅಂತ ಯಾರಿಗೆ ಗೊತ್ತಾಗ್ಬೇಕು?"

"ಚೆಂದ ಕಾಣ್ಲಿ ಅಂತ ಮಾಡಿದೆ."

"ಚೆಂದ ಎಂಥಕ್ಕೆ? ಇಲ್ಲಿ ನೋಡಿ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ತೋರಿಸಿದರು. ಗಾಜಿನ ಅಂಚಿನಲ್ಲಿ ಒಣಗಿದ ಸುಣ್ಣ. ಇದು ಎಲೆಅಡಿಕೆ ಹಾಕುವವರದ್ದು. ಕೆಳಗಿನ ಅಂಚಿಗೆ ಮಾತ್ರ ಗೀರು. ಇದು ಮೇಜಿಗೆ ಕೈಯೂರಿ ಬರೆಯುವವರದ್ದು, ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರದ್ದೇ ಇರಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಅಬ್ಸರ್ವೇಶನ್, ಅಬ್ಸರ್ವೇಶನ್ ಎಂದು ತಲೆ ತಿನ್ನುತ್ತಿದ್ದುದು ಇದಕ್ಕೇ ಎಂದು ನನಗೆ ಎಪ್ಪತ್ತಾರನೇ ವಯಸ್ಸಿನಲ್ಲಿ ತಿಳಿಯಿತು. ಇಷ್ಟು ವರ್ಷ ನಾನು ಈ ರಿಪೇರಿಯವರನ್ನು ವಾಚಿನ ಸೆಲ್ ಬದಲಾಯಿಸುವವರು ಎಂದಷ್ಟೇ ಅಂದುಕೊಂಡಿದ್ದೆ.

ಮತ್ತೆ ಕೊಡೆ ಬಿಚ್ಚಿದೆ. ಈ ಸಲ ಬಾಗಿಲಿನ ಬೆಳಕು ಪಕ್ಕದಿಂದ ತಾಗುವಂತೆ ಅವರೇ ವಾಚನ್ನು ಓರೆಯಾಗಿ ಹಿಡಿದರು. ಒಂದೊಂದು ಗೀರೂ ಎದ್ದು ಬಂತು. ನಾನು ಏನನ್ನೂ ಅಳಿಸದೆ ಹಾಗೇ ಗ್ರೂಪಿಗೆ ಕಳಿಸಿದೆ.

ಮರುದಿನದಿಂದಲೇ ಜನ ಬಂದರು. ಕೊನೆಯ ಶನಿವಾರ ನೆಲ್ಯಹುದಿಕೇರಿಯ ಹೆಂಗಸೊಬ್ಬಳು ಒಂದು ವಾಚಿನ ಪಟ್ಟಿಯ ತೂತುಗಳನ್ನು ಮುಟ್ಟಿ ನೋಡುತ್ತ, "ಅಮ್ಮಂದು. ಕಾಯಿಲೆಯಲ್ಲಿ ಅವರ ಕೈ ಸಣ್ಣ ಆಗ್ತಾ ಹೋಯ್ತು. ನಾನೇ ಮೊಳೆ ಹೊಡೆದು ತೂತು ಮಾಡಿದ್ದು," ಎಂದಳು. ರಿಪೇರಿಯವರು ಅದಕ್ಕೆ ಕೀ ಕೊಟ್ಟು, ಕಿವಿಗಿಟ್ಟು ಕೇಳಿ, ಅವಳ ಕೈಗೆ ಕಟ್ಟಿದರು.

ಒಂಬತ್ತು ಹೋದವು. ಉಳಿದೆರಡನ್ನು ಪಕ್ಕದ ಬೇಕರಿಯವರಿಗೆ ಒಪ್ಪಿಸಿ, "ದಿನಾ ಬೆಳಿಗ್ಗೆ ಕೀ ಕೊಡಿ ಮಾರಾಯ್ರೆ. ಯಾರಾದ್ರೂ ಬಂದಾಗ ವಾಚು ನಿಂತಿರೋದು ಬೇಡ," ಎಂದು ಹೇಳಿ ಅವರು ಶಟರ್ ಎಳೆದರು.